ಮೂವತ್ತೊಂದನೇ ನಂಬರಿನ ಅಂಗಿಯ ಮೇಲಿನ ಹೆಸರು

ಇಂದ,
ಹಿಲ್ಲೆವಿ ಕುಯಿಸ್ಮಾ,
ಒಗೆತ ಮತ್ತು ಹೊಲಿಗೆ ವಿಭಾಗ (ಒಬ್ಬಳೇ),
ಐಸ್ ಹಾಲ್, ನೆಲಮಾಳಿಗೆ, ಬಾಯ್ಲರ್ ಕೋಣೆಯ ಪಕ್ಕ,
ಉಲ್ಮಸಾರಿ.

ಗೆ,
ಅಧ್ಯಕ್ಷರು ಹಾಗೂ ಆಡಳಿತ ಮಂಡಳಿಯ ಸದಸ್ಯರು,
ಉಲ್ಮಸಾರಿ ನೀರುನಾಯಿಗಳು ಐಸ್ ಹಾಕಿ ಸಂಘ,
ಅದೇ ಕಟ್ಟಡ, ಮೇಲಿನ ಮಹಡಿ.

ದಿನಾಂಕ: ಫೆಬ್ರವರಿ 27, ಶುಕ್ರವಾರ

ವಿಷಯ: ಗೋಲ್‌ಕೀಪರ್ ಓಸ್ಮೊ ಕೈಪಿಯೋ ಅವರ ಹೆಸರನ್ನು 31ನೇ ನಂಬರಿನ ಅಂಗಿಯಿಂದ ಬಿಚ್ಚದೆ, ನಾಳೆ ಶನಿವಾರದ ಕೊನೆಯ ಪಂದ್ಯವನ್ನು ಅವರೇ ಆಡಿ ಮುಗಿಸಲು ಅನುಮತಿ ಕೋರಿ.

ಉಲ್ಲೇಖ: 1. ಮಾನ್ಯ ಅಧ್ಯಕ್ಷರು ಮಂಗಳವಾರ ಮೆಟ್ಟಿಲು ಹತ್ತುತ್ತ, ನಿಲ್ಲದೆ ನೀಡಿದ ಮೌಖಿಕ ಆದೇಶ.
2. ಅದೇ ಆದೇಶ, ಒಗೆಯುವ ಕೋಣೆಯ ಬಾಗಿಲಿಗೆ ಟೇಪಿನಿಂದ ಅಂಟಿಸಿದ್ದು.
3. ನನ್ನದೇ ಅರ್ಜಿ, ಅಕ್ಟೋಬರ್ 9ರದ್ದು, ಕಳಿಸದೇ ಉಳಿದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಈ ಸಾಲನ್ನು ಬರೆಯುವ ಹೊತ್ತಿಗೆ ಸದರಿ ಅಂಗಿ ನನ್ನ ತೊಡೆಯ ಮೇಲೆ ಬೋರಲಾಗಿ ಮಲಗಿದೆ. KAIPIO ಎಂಬ ಆರು ಅಕ್ಷರಗಳಲ್ಲಿ ಮೊದಲನೆಯದರ ನಾಲ್ಕು ಹೊಲಿಗೆ ಬಿಚ್ಚಿಯಾಗಿದೆ. ಐದನೆಯದಕ್ಕೆ ಚಾಕುವಿನ ತುದಿ ತೂರಿಸಿದವಳು ಅಲ್ಲಿಗೇ ನಿಲ್ಲಿಸಿ, ಕೈ ಒರೆಸಿಕೊಂಡು ಪೆನ್ನು ಹಿಡಿದಿದ್ದೇನೆ. ಯಂತ್ರದಲ್ಲಿ ಇಪ್ಪತ್ತೆರಡು ಜೊತೆ ಕಾಲುಚೀಲ ಸುತ್ತುತ್ತಿವೆ. ಅವು ನಿಲ್ಲಲು ಇನ್ನೂ ಐವತ್ತು ನಿಮಿಷ ಬೇಕು. ಅಷ್ಟರಲ್ಲಿ ಇದನ್ನು ಬರೆದು ಮುಗಿಸುವ ಉದ್ದೇಶವಿದೆ.

ವಿಷಯದ ಸಾಲಿನಲ್ಲಿ ಓಸ್ಮೊನ ಹೆಸರಿಗಿಂತ ಮೊದಲು ಐದು ಹೆಸರುಗಳನ್ನು ಹೊಡೆದುಹಾಕಿರುವುದಕ್ಕೆ ಕ್ಷಮೆ ಇರಲಿ. ಈ ಅರ್ಜಿ ಬರೆಯಲು ಮೊದಲು ಕೂತದ್ದು ಅಕ್ಟೋಬರಿನಲ್ಲಿ, ಎಡಬದಿಯಲ್ಲಿ ಆಡುತ್ತಿದ್ದ ಇಲ್ಪೊನ ಸಲುವಾಗಿ. ನಾನು ಐವತ್ತೆರಡನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಮಾಧ್ಯಮಿಕ ತರಗತಿ ಮುಗಿಸಿದವಳು. ನನ್ನ ಬರವಣಿಗೆ ನಿಧಾನ. ಮೊದಲು ಕಾರಣಗಳನ್ನು ಕೊಡಬೇಕು, ಬೇಡಿಕೆ ಆಮೇಲೆ ಬರಬೇಕು ಎಂದು ಅಲ್ಲಿ ಕಲಿಸಿದ್ದರು. ಕಾರಣಗಳು ಮುಗಿಯುವಷ್ಟರಲ್ಲಿ ಇಲ್ಪೊ ರೈಲು ಹತ್ತಿದ್ದ. ಅವನ ಹೆಸರು ಹೊಡೆದು ಮುಂದಿನವನದನ್ನು ಬರೆದೆ. ಅವನೂ ಹೋದ. ಹೀಗೆ ಐದು ಸಲ ಆಯಿತು. ಕಾಗದ ಒಂದೇ ಸಾಕಾಯಿತು ಎಂಬುದನ್ನು ಮಂಡಳಿ ಉಳಿತಾಯವೆಂದು ಪರಿಗಣಿಸಬಹುದು.

ಈ ಸಲದ ಕಾರಣಗಳು ಈ ಕೆಳಗಿನಂತಿವೆ:

1. ಅರ್ಜಿದಾರಳು ಮೂವತ್ತಾರು ವರ್ಷಗಳಿಂದ ಸಂಘದ ಅಂಗಿಗಳನ್ನು ಒಗೆದು, ಹರಿದದ್ದನ್ನು ಹೊಲಿದು, ಬೆನ್ನಿನ ಹೆಸರುಗಳನ್ನು ಹಚ್ಚುತ್ತ ಬಂದವಳು. ಮಾನ್ಯ ಅಧ್ಯಕ್ಷರಾದ ಕಾಲೆರ್ವೊ ಸಿಪ್ಪೊಲಾ ಅವರು ಹನ್ನೆರಡು ವರ್ಷದವರಿದ್ದಾಗ ಕಿರಿಯರ ತಂಡದಲ್ಲಿ ಆಡಿದ ಅಂಗಿಯನ್ನೂ ಒಗೆದಿದ್ದೇನೆ. ಅದರ ತೋಳಿನ ತುದಿಯಲ್ಲಿ ಸದಾ ಮೂಗಿನ ಗುರುತು ಇರುತ್ತಿತ್ತು. ಇದನ್ನು ಅನುಭವದ ದಾಖಲೆಯಾಗಿ ಹೇಳಿದೆನೇ ಹೊರತು ಬೇರೆ ಉದ್ದೇಶವಿಲ್ಲ.

2. ಈ ಚಳಿಗಾಲದಲ್ಲಿ ನಮ್ಮ ತಂಡ ನಲವತ್ತೊಂಬತ್ತು ಪಂದ್ಯ ಆಡಿದೆ. ನಾಲ್ಕನ್ನು ಗೆದ್ದಿದೆ. ಅದರಲ್ಲಿ ಒಂದನ್ನು ಗೆದ್ದದ್ದು ಎದುರಾಳಿಗಳ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡು, ಅವರು ಇಳಿದವರೇ ಊಟವಿಲ್ಲದೆ ಸ್ಕೇಟ್ ಕಟ್ಟಬೇಕಾಗಿ ಬಂದದ್ದರಿಂದ. ಪಟ್ಟಿಯಲ್ಲಿ ಕೊನೆಯ ಸ್ಥಾನ ನಮಗೆ ಜನವರಿಯಲ್ಲೇ ಖಾತ್ರಿಯಾಗಿದೆ. ನಾಳೆ ಇಪ್ಪತ್ತು ಗೋಲಿನಿಂದ ಗೆದ್ದರೂ ಮೇಲೆ ಹೋಗುವುದಿಲ್ಲ, ಇಪ್ಪತ್ತರಿಂದ ಸೋತರೂ ಇಳಿಯಲು ಕೆಳಗೆ ಏನೂ ಉಳಿದಿಲ್ಲ. ಕಾರಣ, ನಾಳೆ ಗೋಲಿನಲ್ಲಿ ಯಾರು ನಿಂತರೂ ಸಂಘಕ್ಕೆ ನಷ್ಟವಾಗುವ ಪ್ರಮೇಯವೇ ಇಲ್ಲ.

3. ಸೋಲನ್ನು ತಡೆಯಲು ಮಂಡಳಿ ಕೈಗೊಂಡ ಕ್ರಮಗಳನ್ನು ನಾನು ಹತ್ತಿರದಿಂದ ಬಲ್ಲೆ, ಏಕೆಂದರೆ ಅವೆಲ್ಲ ಕೊನೆಗೆ ನನ್ನ ಮೇಜಿಗೇ ಬರುತ್ತವೆ. ಸೆಪ್ಟೆಂಬರಿನಿಂದ ಇಲ್ಲಿಯವರೆಗೆ ಇಪ್ಪತ್ತಾರು ಹೆಸರು ಬಿಚ್ಚಿದ್ದೇನೆ, ಇಪ್ಪತ್ತೈದು ಹಚ್ಚಿದ್ದೇನೆ. ಹದಿನೇಳನೇ ನಂಬರಿನ ಅಂಗಿಯನ್ನು ಐದು ಜನ ಹಾಕಿದರು. ಅವರಲ್ಲಿ ನಾಲ್ವರ ಮನೆತನದ ಹೆಸರು ‘ನೆನ್’ ಎಂದೇ ಮುಗಿಯುತ್ತಿದ್ದರಿಂದ N, E, N ಎಂಬ ಕೊನೆಯ ಮೂರು ಅಕ್ಷರಗಳನ್ನು ಹಾಗೇ ಬಿಟ್ಟು ಮುಂದಿನವನ್ನಷ್ಟೇ ಬದಲಾಯಿಸುತ್ತಿದ್ದೆ. ಡಿಸೆಂಬರಿನಲ್ಲಿ ಒಬ್ಬ ಬಂದು ಒಂದೇ ಪಂದ್ಯ ಆಡಿ ಹೋದ. ಅವನ ಮುಖ ನೆನಪಿಲ್ಲ. ಎರಡನೆಯ ಅಕ್ಷರ ಸ್ವಲ್ಪ ವಾರೆಯಾಗಿ ಕೂತಿತ್ತು, ಅದು ನೆನಪಿದೆ. ಸರಿಮಾಡಿ ಕೊಡುತ್ತೇನೆ ಎಂದಿದ್ದೆ.

ತರಬೇತುದಾರರನ್ನು ಎರಡು ಸಲ ಬದಲಾಯಿಸಲಾಯಿತು. ಅವರಿಗೆ ಬೆನ್ನಿನ ಹೆಸರು ಇರುವುದಿಲ್ಲವಾದ್ದರಿಂದ ಆ ವಿಚಾರದಲ್ಲಿ ನನಗೆ ಅಭಿಪ್ರಾಯವಿಲ್ಲ.

4. ಸೋಲಿಗೆ ಗೋಲ್‌ಕೀಪರ್ ಕಾರಣ ಎಂಬ ಮಾತು ಮೇಲಿನ ಮಹಡಿಯಲ್ಲಿ ನಡೆದಿದೆಯಂತೆ. ಗೋಲು ಬಿಟ್ಟರೂ ನಾವು ಎದುರಿನ ಬದಿಯಲ್ಲಿ ಹೊಡೆದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅದೇಕೆ ಹೊಡೆಯುತ್ತಿಲ್ಲ ಎಂಬುದಕ್ಕೆ ಕೆಳಗಿನ ಮಾತುಕತೆಯನ್ನು ಸಾಕ್ಷ್ಯವಾಗಿ ಸಲ್ಲಿಸುತ್ತೇನೆ. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವನು ಚಿನ್ನದ ಬಣ್ಣದ ಹೆಲ್ಮೆಟ್ ಹಾಕಬೇಕೆಂಬುದು ನಿಯಮ. ಬೇರೆ ತಂಡಗಳಲ್ಲಿ ಅದಕ್ಕೆ ನಲವತ್ತು ಐವತ್ತು ಅಂಕ ಬೇಕು. ನಮ್ಮಲ್ಲಿ ಹನ್ನೊಂದು ಅಂಕಕ್ಕೆ ಸಿಕ್ಕಿದೆ, ಅದೂ ಹಿಂಬದಿ ಕಾಯುವ ಎನ್ಸಿಯೊಗೆ. ಜನವರಿಯಲ್ಲಿ ಒಂದು ದಿನ ಅವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಕೋಣೆಗೆ ಬಂದ. ಓಸ್ಮೊ ಅಲ್ಲೇ ಕೂತು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

“ಅಜ್ಜಿ, ಈ ಹೆಲ್ಮೆಟ್ಟಿಗೊಂದು ಗೌಸು ಹೊಲಿದು ಕೊಡು. ಕಪ್ಪು ಬಟ್ಟೇದು.”

“ಯಾಕೋ? ಚಿನ್ನದ್ದು ಅಂತ ಎಲ್ಲರೂ ಆಸೆ ಪಡ್ತಾರೆ.”

“ದೂರದಿಂದ್ಲೇ ಕಾಣುತ್ತೆ ಅಜ್ಜಿ. ಎದುರಿನೋರಿಗೆ ಇವನ್ನೇ ಗುದ್ದಬೇಕು ಅಂತ ಹೇಳ್ಕೊಡೋದೇ ಬೇಕಾಗಿಲ್ಲ. ಮೊನ್ನೆ ಬೆಂಚಲ್ಲಿ ಸುಮ್ನೆ ಕೂತಿದ್ದೆ, ಒಬ್ಬ ಅಲ್ಲಿಗೇ ಬಂದು ಗುದ್ದಿ ಹೋದ.”

“ಹಂಗಾದ್ರೆ ಗೋಲು ಹೊಡೀಬೇಡ” ಎಂದ ಓಸ್ಮೊ, ಪಟ್ಟಿಯಿಂದ ಕಣ್ಣೆತ್ತದೆ.

“ಹೊಡೆದು ಒಂದೂವರೆ ತಿಂಗಳಾಯ್ತಲ್ಲೋ! ಬೇರೆ ಯಾರೂ ಮುಂದಕ್ಕೆ ಬರ್ತಿಲ್ಲ. ನನ್ನ ಹಿಂದೆ ನಾಲ್ಕು ಜನ ಹತ್ತತ್ತು ಅಂಕ ಇಟ್ಕೊಂಡು ಕೂತಿದಾರೆ, ಬೇಕೂಂತ. ನಿನ್ನೆ ಒಬ್ಬನಿಗೆ ಖಾಲಿ ಗೋಲು ಸಿಕ್ತು. ಪಕ್ ಬಿಲ್ಲೇನ ನಂಗೇ ಕೊಟ್ಟ, ಪುಣ್ಯಾತ್ಮ!”

“ನೀನೇನ್ಮಾಡ್ದೆ?” ಎಂದು ನಾನು ಕೇಳಿದೆ.

“ನಾನು ವಾಪಸ್ ಅವನಿಗೇ ಕೊಟ್ಟೆ.”

ಗೌಸು ಹೊಲಿಯಲು ನಿಯಮದಲ್ಲಿ ಅವಕಾಶವಿಲ್ಲವೆಂದು ಹೇಳಿ ಕಳಿಸಿದೆ. ಆದ್ದರಿಂದ ಗೋಲುಗಳ ಕೊರತೆಯನ್ನು ಓಸ್ಮೊನ ಮೇಲೆ ಹೊರಿಸಲು ಬರುವುದಿಲ್ಲ.

5. ಓಸ್ಮೊ ನಿಂತಿರುವ ಗೋಲಿಗೆ ಈ ಋತುವಿನಲ್ಲಿ ಬಂದಷ್ಟು ಹೊಡೆತ ಇಡೀ ಲೀಗಿನಲ್ಲಿ ಇನ್ನಾರ ಗೋಲಿಗೂ ಬಂದಿಲ್ಲ. ಡಿಸೆಂಬರಿನ ಒಂದು ಪಂದ್ಯದಲ್ಲಿ ಅರವತ್ತೊಂದು. ಐವತ್ತೈದನ್ನು ತಡೆದ, ನಾವು ಆರು-ಸೊನ್ನೆಯಿಂದ ಸೋತೆವು. ಬೆಂಚಿನ ಹಿಂದೆ ಕೂರುವ ನಿವೃತ್ತ ರೈಲ್ವೆ ನೌಕರರೊಬ್ಬರು ಪ್ರತಿ ಪಂದ್ಯಕ್ಕೂ ಬರುತ್ತಾರೆ, ಬಂದು ಬರೀ ಕೂಗುತ್ತಾರೆ. ಅಂದು ಕೂಗಿದರು: “ಓಸ್ಮೊ, ಕುರ್ಚಿ ತಂದ್ಕೊಡ್ಲಾ? ಎದುರಿನೋರಂತೂ ಅಲ್ಲಿಂದ ಕದಲಲ್ಲ!” ಓಸ್ಮೊ ಕೋಲು ಎತ್ತಿ, “ಎರಡು ತನ್ನಿ, ನೀವೂ ಬಂದು ಕೂತ್ಕೊಳಿ” ಎಂದ. ಆ ದಿನ ಇನ್ನೂರ ಹನ್ನೊಂದು ಜನ ಇದ್ದರು, ಸಾಸೇಜ್ ಮಾರುವವಳನ್ನೂ ಸೇರಿಸಿ. ಎಲ್ಲರೂ ನಕ್ಕರು. ಆರು ಗೋಲಿನಿಂದ ಸೋಲುತ್ತಿರುವಾಗಲೂ ಹಾಲ್‌ನಲ್ಲಿ ಜನ ನಕ್ಕು ಕೂತಿದ್ದರೆ ಅದು ಯಾರಿಂದ ಎಂಬುದನ್ನು ಮಂಡಳಿ ಯೋಚಿಸಬೇಕು.

ಪಂದ್ಯ ಮುಗಿದ ಮೇಲೆ ಅವನ ಒಳಂಗಿ ಹಿಂಡಿದರೆ ಅರ್ಧ ಬಕೆಟ್ ಬರುತ್ತದೆ. ಇದು ನಾನು ಅಳೆದದ್ದು.

6. ಈಗ ಮುಖ್ಯ ವಿಷಯ. ಋತುವಿನ ಕೊನೆಯ ತವರು ಪಂದ್ಯ ಆಡಿದವನು ಆ ಅಂಗಿಯನ್ನು ಮೈಮೇಲೆಯೇ ಮನೆಗೆ ಒಯ್ಯುವುದು, ಅಧ್ಯಕ್ಷರು ಐಸಿನ ಮೇಲೆ ನಿಂತು ಅವನ ಕೈ ಕುಲುಕುವುದು, ಇದು ಸಂಘದ ಹಳೆಯ ಪದ್ಧತಿ. ಕೊನೆಯ ಪಂದ್ಯಕ್ಕೆ ಮುಂಚೆ ಹೋದವನ ಅಂಗಿ ನನ್ನ ಬುಟ್ಟಿಗೆ ಬರುತ್ತದೆ, ಹೆಸರು ಬಿಚ್ಚಲ್ಪಡುತ್ತದೆ. ನಮ್ಮೂರಲ್ಲಿ ಯಾರ ಮನೆಯ ಹಬೆಸ್ನಾನದ ಸೌನಾಕ್ಕೆ ಹೋದರೂ, ಬಟ್ಟೆ ಕಳಚುವ ಕೋಣೆಯ ಗೋಡೆಯಲ್ಲಿ ಅಪ್ಪನದೋ ಮಾವನದೋ ಅಂಥದೊಂದು ಅಂಗಿ ತೂಗುತ್ತಿರುತ್ತದೆ.

ಓಸ್ಮೊ ಹದಿನಾಲ್ಕು ಚಳಿಗಾಲ ನಮ್ಮ ಗೋಲು ಕಾದಿದ್ದಾನೆ. ಅವನ ಸೌನಾದ ಗೋಡೆ ಖಾಲಿ ಇದೆ. ಏಕೆಂದರೆ ಫೆಬ್ರವರಿ ಬಂತೆಂದರೆ ಮೇಲಿನ ಸ್ಥಾನದಲ್ಲಿರುವ ಯಾವುದಾದರೊಂದು ತಂಡದ ಗೋಲ್‌ಕೀಪರಿಗೆ ತೊಡೆಯ ಸ್ನಾಯು ಹಿಡಿದುಕೊಳ್ಳುತ್ತದೆ, ಅವರು ಫೋನು ಮಾಡುತ್ತಾರೆ, ನಾವು ಓಸ್ಮೊನನ್ನು ಎರವಲು ಕೊಡುತ್ತೇವೆ. ಹದಿನಾಲ್ಕು ಫೆಬ್ರವರಿಯಲ್ಲೂ ಹೀಗೇ ಆಯಿತೆಂದಲ್ಲ. ಎರಡು ಸಲ ಎರವಲಿಗೆ ಹೋಗಲಿಲ್ಲ, ಆದರೆ ಕೊನೆಯ ಪಂದ್ಯದ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ. ಈ ವರ್ಷ ಯಾರೂ ಫೋನು ಮಾಡಲಿಲ್ಲ. ಅವನ ಮೊಣಕಾಲು ಹೇಗಿದೆಯೆಂದು ಎಲ್ಲರಿಗೂ ಗೊತ್ತಾಗಿದೆ. ಮುಂದಿನ ಚಳಿಗಾಲಕ್ಕೆ ಅವನು ಆಡುವುದಿಲ್ಲ. ಅಂದರೆ ಉಳಿದಿರುವುದು ನಾಳೆ ಒಂದೇ.

ಮಾನ್ಯ ಅಧ್ಯಕ್ಷರ ಸೌನಾದಲ್ಲಿ ಒಂಬತ್ತನೇ ನಂಬರಿನ ಅಂಗಿ ಇರುವುದನ್ನು ನಾನು ಬಲ್ಲೆ. ಆ ಕೊನೆಯ ಪಂದ್ಯದಲ್ಲಿ ತಾವು ಐಸಿಗೆ ಇಳಿದದ್ದು ಒಂದು ನಿಮಿಷ ಹತ್ತು ಸೆಕೆಂಡು. ಅಂಗಿ ಬೆವರಿನಿಂದ ನೆನೆಯಲೂ ಇಲ್ಲ. ಆದರೂ ಅದು ಗೋಡೆಯಲ್ಲಿದೆ. ಇರಬೇಕಾದದ್ದೇ.

7. ಮಂಗಳವಾರದ ಮೌಖಿಕ ಆದೇಶ ಕಡತದಲ್ಲಿ ಇಲ್ಲದಿರುವುದರಿಂದ ಅದನ್ನು ಇಲ್ಲಿ ದಾಖಲಿಸುತ್ತೇನೆ.

“ಹಿಲ್ಲೆವಿ ಅವ್ರೇ, ಮೂವತ್ತೊಂದರ ಹೆಸರು ಬಿಚ್ಚಿಬಿಡಿ. ಶುಕ್ರವಾರದೊಳಗೆ ಆಗ್ಬೇಕು.”

“ಓಸ್ಮೊಂದಾ?”

“ಮೂವತ್ತೊಂದರದು.”

“ಅದರೊಳಗೆ ಓಸ್ಮೊನೇ ಇರೋದು.”

“ಕೆನಡಾದಿಂದ ಹೊಸ ಗೋಲ್‌ಕೀಪರ್ ಬಂದಿದಾನಲ್ಲ, ಡ್ವೇನ್. ಆಟಗಾರರನ್ನ ಸೇರಿಸ್ಕೊಳ್ಳೋ ಗಡುವಿನ ದಿನಾನೇ ಸಹಿ ಮಾಡಿಸಿದ್ವಿ. ಕಾಗದಪತ್ರ ಈಗ ಬಂತು. ಜನಕ್ಕೂ ಏನಾದ್ರೂ ಹೊಸದು ತೋರಿಸ್ಬೇಕಲ್ಲ.”

“ಇನ್ನು ಒಂದೇ ಪಂದ್ಯ ಅಲ್ವಾ ಇರೋದು?”

“ಅದಕ್ಕೇ ಬೇಗ ಅಂದಿದ್ದು.”

ಇಷ್ಟಾಗುವಾಗ ತಾವು ಮೇಲಿನ ಮೆಟ್ಟಿಲು ತಲುಪಿದ್ದಿರಿ. ನಾನು “ಆಗಲಿ” ಎಂದೆ. ಇಪ್ಪತ್ತಾರು ಸಲವೂ ಹಾಗೇ ಎಂದಿದ್ದೇನೆ. ಕಾರಣ, ಈ ತಪ್ಪಿನಲ್ಲಿ ನನ್ನದೂ ಪಾಲಿದೆ.

8. ಬುಧವಾರ ಓಸ್ಮೊ ತಾನೇ ಅಂಗಿ ತಂದ. ಮಡಚಿ ತಂದಿದ್ದ. ಮೂವತ್ತಾರು ವರ್ಷದಲ್ಲಿ ಮಡಚಿದ ಅಂಗಿಯನ್ನು ನನಗೆ ಕೊಟ್ಟವರು ಯಾರೂ ಇಲ್ಲ. ಎಲ್ಲರೂ ಬಾಗಿಲಿಂದಲೇ ಎಸೆಯುವವರು. ಕಾಫಿ ಬಗ್ಗಿಸಿ ಕೊಟ್ಟೆ. ಒಂದು ಲೋಟ ಕುಡಿದು ಮುಗಿಸಿದ.

“ಮೇಲ್ಗಡೆ ಹೋಗಿ ಒಂದ್ಮಾತು ಕೇಳೋದಲ್ವೇನೋ?” ಎಂದೆ.

“ಏನಂತ?”

“ಒಂದೇ ಪಂದ್ಯ, ಆಡಿ ಮುಗಿಸ್ತೀನಿ ಅಂತ.”

“ಕೇಳಿ ಇಸ್ಕೊಳ್ಳೋ ಅಂಥದ್ದಲ್ಲ ಅಜ್ಜಿ ಅದು. ಬಿಚ್ಚು. ನಿಂಗ್ಯಾಕೆ ಸುಮ್ನೆ ತೊಂದರೆ.”

ಎರಡನೇ ಲೋಟ ಬೇಡವೆಂದ. ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು ಬಾಗಿಲ ಚಿಲಕ ನೋಡುತ್ತ ಕೇಳಿದ:

“ಬಿಚ್ಚಿದ ಅಕ್ಷರ ಏನ್ಮಾಡ್ತೀಯ?”

“ಡಬ್ಬಿಗೆ ಹಾಕ್ತೀನಿ. ಮುಂದಿನೋರಿಗೆ ಬೇಕಾಗುತ್ತೆ.”

“ಆರೂ?”

“ಆರೂ.”

“ಒಂದು ಕವರಲ್ಲಿ ತೆಗೆದಿಡೋಕಾಗುತ್ತಾ?”

“ಯಾಕೋ?”

“ಸುಮ್ನೆ.”

ನಮ್ಮೂರ ಗಂಡಸು ಚಿಲಕ ನೋಡುತ್ತ ‘ಸುಮ್ನೆ’ ಎಂದರೆ ಅದಕ್ಕೆ ಎಷ್ಟು ಭಾರವಿರುತ್ತದೆಂದು ಮಂಡಳಿಗೆ ವಿವರಿಸಬೇಕಾಗಿಲ್ಲ. ತಾವೆಲ್ಲರೂ ಇದೇ ಊರಿನವರು. ಆದರೆ ಅಕ್ಷರಗಳು ಸಂಘದ ಆಸ್ತಿ. ‘ಯಾರಿಗೂ ಕೊಡತಕ್ಕದ್ದಲ್ಲ’ ಎಂದು ಡಬ್ಬಿಯ ಮುಚ್ಚಳದ ಮೇಲೆ ಬರೆದವಳು ನಾನೇ. ಕೊಡುತ್ತೇನೆ ಎನ್ನಲಾಗಲಿಲ್ಲ, ಕೊಡುವುದಿಲ್ಲ ಎನ್ನಲೂ ಆಗಲಿಲ್ಲ. “ನೋಡೋಣ” ಎಂದೆ. ಹದಿನಾಲ್ಕು ವರ್ಷಕ್ಕೆ ಒಬ್ಬ ಮನುಷ್ಯ ಆರು ಬಟ್ಟೆತುಂಡು ಕೇಳಿ, ಅದಕ್ಕೂ ನೋಡೋಣ ಎನಿಸಿಕೊಂಡು ಹೋದ. ಬುಧವಾರದಿಂದ ನನಗೆ ಇದು ಸರಿಹೋಗುತ್ತಿಲ್ಲ.

9. ಗುರುವಾರ ಡ್ವೇನ್ ಅಳತೆ ನೋಡಿಸಿಕೊಳ್ಳಲು ಬಂದ. ಒಳ್ಳೆಯ ಹುಡುಗ, ಬಾಗಿಲಲ್ಲಿ ಬೂಟು ಬಿಚ್ಚಿದ. ಅವನ ಭಾಷೆ ನನಗೆ ಬಾರದ ಕಾರಣ ಎನ್ಸಿಯೊನನ್ನು ಕರೆಸಿಕೊಂಡೆ. ಅಂಗಿ ಹಾಕಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿದವನು ಕತ್ತು ಹೊರಳಿಸಿ ಹೆಸರು ನೋಡಿ ಏನೋ ಕೇಳಿದ.

“ಏನಂತಾನೆ?”

“ಇದು ಯಾರದು ಅಂತಾನೆ.”

“ಓಸ್ಮೊಂದು ಅನ್ನು.”

“ಅವರಿಗೇನಾಯ್ತು ಅಂತಾನೆ. ಏನನ್ಲಿ?”

“ಏನೂ ಆಗಿಲ್ಲ, ಮನೇಲಿ ಕೂತಿದಾನೆ ಅನ್ನು.”

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಎನ್ಸಿಯೊ ತನ್ನ ಹೆಲ್ಮೆಟ್ಟಿನ ಕಥೆಯನ್ನೂ ಸೇರಿಸಿ ಹೇಳಿದನೆಂದು ಕಾಣುತ್ತದೆ, ಹುಡುಗ ನಕ್ಕ. ಆಮೇಲೆ ನಗು ನಿಲ್ಲಿಸಿ ಅಂಗಿ ಬಿಚ್ಚಿದ, ತೋಳುಗಳನ್ನು ಸರಿಮಾಡಿ ಹ್ಯಾಂಗರಿಗೆ ಹಾಕಿದ.

“ಅವನ ಊರಲ್ಲೂ ಕೊನೇ ಪಂದ್ಯದ ಅಂಗಿ ಮನೆಗೆ ಕೊಡ್ತಾರಂತೆ ಅಜ್ಜಿ. ‘ನಾನು ಬಂದು ಎಂಟು ದಿನ ಆಯ್ತು, ಇದನ್ನ ಹಾಕ್ಕೊಂಡು ಹೋಗಿ ಅಮ್ಮನಿಗೆ ಏನಂತ ತೋರಿಸ್ಲಿ’ ಅಂತಾನೆ. ಬೆಂಚಿನ ಬಾಗಿಲು ತೆಗೆಯೋ ಕೆಲಸ ಇದ್ರೆ ಕೊಡಿ, ಅದರಲ್ಲಿ ನಾನು ಭಾಳ ಹುಷಾರು ಅಂತಾನೆ.”

ಆ ಕೆಲಸ ಇದೆ. ಎರಡನೇ ಗೋಲ್‌ಕೀಪರನ್ನು ಡಿಸೆಂಬರಿನಲ್ಲಿ ಬಿಟ್ಟುಕೊಟ್ಟ ಮೇಲೆ, ನಿಯಮಕ್ಕೆ ಇಬ್ಬರಿರಬೇಕೆಂದು ಬೇಕರಿಯ ರೈನೆ ಅವರನ್ನು ಕವಚ ತೊಡಿಸಿ ಬೆಂಚಿನಲ್ಲಿ ಕೂರಿಸಲಾಗಿದೆ. ಆಟಗಾರರು ಒಳಗೆ ಹೊರಗೆ ಹೋಗುವಾಗ ಬಾಗಿಲು ತೆಗೆದು ಮುಚ್ಚುವುದು ಅವರ ಕೆಲಸ. ಕೆಲವು ಸಲ ಮುಚ್ಚಲು ಮರೆಯುತ್ತಾರೆ. ಅವರು ತೊಡುವ ಒಂದನೇ ನಂಬರಿನ ಅಂಗಿಗೆ ಎರಡೂ ಬದಿಯಲ್ಲಿ ಪಟ್ಟಿ ಕೊಟ್ಟು ಅಗಲ ಮಾಡಿದ್ದೇನೆ. ಅದರಲ್ಲಿ ಈಗ ಇಬ್ಬರು ಡ್ವೇನ್ ಹಿಡಿಯುತ್ತಾರೆ. ಪಟ್ಟಿ ತೆಗೆದು ಬಿಗಿ ಮಾಡಲು ಒಂದು ಗಂಟೆ ಸಾಕು. ರೈನೆ ಅವರ ಹೆಂಡತಿಯನ್ನು ಇವತ್ತು ಬೆಳಿಗ್ಗೆ ಬನ್ನು ತರಲು ಹೋದಾಗ ಕೇಳಿದೆ. “ಶನಿವಾರ ಅಂಗಡೀಲಿ ಜನ ಸಾಲು ನಿಂತಿರ್ತಾರೆ, ಈ ಮಹಾರಾಯ ಅಲ್ಲಿ ಹೆಲ್ಮೆಟ್ ಹಾಕ್ಕೊಂಡು ಬಾಗಿಲು ಕಾಯ್ತಿರ್ತಾನೆ. ಕಳ್ಸಿ ಮೊದ್ಲು ಮನೆಗೆ!” ಎಂದರು. ಇದನ್ನು ನಿರಾಕ್ಷೇಪಣಾ ಪತ್ರವೆಂದು ಪರಿಗಣಿಸಬೇಕು.

10. ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಯಂತ್ರ ನಿಂತಿತು. ಎದ್ದು ಕಾಲುಚೀಲ ಹರವಿದೆ. ವಾಪಸ್ ಬಂದು ಕೂತಾಗ ಚಾಕು ಇನ್ನೂ ಐದನೇ ಹೊಲಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅನುಮತಿ ಬರುವ ತನಕ ಕಾಯಬೇಕಾದದ್ದು ನನ್ನ ಕರ್ತವ್ಯ. ಕಾಯುವುದು ನನಗೆ ಚೆನ್ನಾಗಿ ಬರುತ್ತದೆ, ಆ ಬಗ್ಗೆ ಮಂಡಳಿಗೆ ಎಂದೂ ದೂರಿರಲಿಲ್ಲ. ಆದರೆ ಕಾದು ಕಾದು ಐದು ಹೆಸರು ಹೊಡೆದ ಕಾಗದ ಎದುರಿಗೇ ಇತ್ತು.

ಆದ್ದರಿಂದ ಈ ಕೆಳಗಿನದನ್ನು ಮಾಡಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ಚಾಕು ತೆಗೆದಿಟ್ಟೆ. ಪೈಕ್ ಮೀನು ಹಿಡಿಯಲು ನಾನು ಬಳಸುವ ಹೆಣೆದ ದಾರವನ್ನು ದಪ್ಪ ಸೂಜಿಗೆ ಪೋಣಿಸಿದೆ. ಬಿಚ್ಚಿದ್ದ ನಾಲ್ಕು ಹೊಲಿಗೆಯನ್ನು ಮತ್ತೆ ಹಾಕಿದೆ. ಕೈ ಓಡಿತು, ಆರೂ ಅಕ್ಷರಗಳ ಸುತ್ತ ಎರಡೆರಡು ಸುತ್ತು ಹಾಕಿಬಿಟ್ಟೆ. ಸದರಿ ದಾರ ಹನ್ನೆರಡು ಕಿಲೋ ಮೀನು ಎಳೆದರೂ ಕಡಿಯುವುದಿಲ್ಲ. ಈಗ ಹೆಸರು ಬಿಚ್ಚಬೇಕೆಂದರೆ ಅಂಗಿ ಹರಿಯುತ್ತದೆ. ಅಗಲ ಮಾಡಿದ ಒಂದನೇ ನಂಬರಿನದು ಬಿಟ್ಟರೆ ಗೋಲ್‌ಕೀಪರಿಗೆಂದು ಹೊಲಿಸಿದ ಅಂಗಿ ಸಂಘದಲ್ಲಿ ಬೇರೆ ಇಲ್ಲ.

ಇದು ಆಜ್ಞೆಯ ಉಲ್ಲಂಘನೆ ಎಂಬ ಅರಿವು ನನಗಿದೆ. ಇದಕ್ಕೆ ಶಿಸ್ತುಕ್ರಮ ಕೈಗೊಳ್ಳುವುದಾದರೆ ಭಾನುವಾರದಿಂದ ಕೈಗೊಳ್ಳಬೇಕು. ಶನಿವಾರ ಒಗೆತ ಬಹಳ ಇರುತ್ತದೆ.

ಆದ್ದರಿಂದ, ಮೇಲಿನ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ನಾಳೆಯ ಐವತ್ತನೆಯ ಹಾಗೂ ಕೊನೆಯ ಪಂದ್ಯಕ್ಕೆ ಓಸ್ಮೊ ಕೈಪಿಯೋ 31ನೇ ಅಂಗಿಯಲ್ಲಿ ಗೋಲು ಕಾಯಲು, ಡ್ವೇನ್ 1ನೇ ಅಂಗಿಯಲ್ಲಿ ಬೆಂಚಿನ ಬಾಗಿಲು ಕಾಯಲು, ರೈನೆ ಅವರು ಬೇಕರಿ ಕಾಯಲು ಆದೇಶ ಹೊರಡಿಸಬೇಕಾಗಿ ಪ್ರಾರ್ಥಿಸುತ್ತೇನೆ. ಪಂದ್ಯ ನಾವು ಸೋಲುವುದು ಬಹುತೇಕ ಖಚಿತವಿರುವುದರಿಂದ, ಫಲಿತಾಂಶದ ಬಗ್ಗೆ ಮಂಡಳಿ ಚಿಂತಿಸಬೇಕಾಗಿಲ್ಲ.

ಒಂದು ವೇಳೆ ಕೋರಿಕೆ ಒಪ್ಪಿತವಾಗದಿದ್ದಲ್ಲಿ, ಆ ವಿಷಯವನ್ನು ಓಸ್ಮೊಗೆ ಮಾನ್ಯ ಅಧ್ಯಕ್ಷರೇ ಖುದ್ದಾಗಿ, ಒಂದು ಕಡೆ ನಿಂತು ತಿಳಿಸಬೇಕಾಗಿ ವಿನಂತಿ. ಅವನು ಹೇಗೂ ಏನೂ ಅನ್ನುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ತಪ್ಪುಗಳನ್ನು ಮನ್ನಿಸಬೇಕಾಗಿ ಕೋರುವ
ತಮ್ಮ ವಿಶ್ವಾಸಿ,
ಹಿಲ್ಲೆವಿ ಕುಯಿಸ್ಮಾ

ಲಗತ್ತುಗಳು:
1. ಬಾಗಿಲಿಗೆ ಅಂಟಿಸಿದ್ದ ಆದೇಶ, ಟೇಪಿನ ಸಮೇತ.
2. ಹೊಲಿಗೆ ಬಿಚ್ಚುವ ಚಾಕು, ಒಂದು. ಬೇರೆ ಯಾರಾದರೂ ಪ್ರಯತ್ನಿಸಲು ಬಯಸಿದಲ್ಲಿ.
3. ರೈನೆ ಅವರ ಹೆಂಡತಿ ಕಳಿಸಿದ ಬನ್ನು, ನಾಲ್ಕು. ಮಂಡಳಿಯಲ್ಲಿ ಐವರು ಸದಸ್ಯರಿದ್ದೀರಿ. ಒಂದನ್ನು ಬರೆಯುವಾಗ ನಾನು ತಿಂದಿದ್ದೇನೆ. ಲಕೋಟೆಯಲ್ಲಿ ಹಿಡಿಯದ ಕಾರಣ ಬಾಗಿಲ ಹಿಡಿಗೆ ಚೀಲದಲ್ಲಿ ತೂಗುಹಾಕಲಾಗುವುದು.

ಲಕೋಟೆಯ ಹಿಂಬದಿಯಲ್ಲಿ:

ಮೇಲೆ ಹತ್ತಿ ಬಂದೆ. ಕಚೇರಿಗೆ ಬೀಗವಿದೆ, ‘ಮೂರು ಗಂಟೆಗೆ ಬರುತ್ತೇವೆ’ ಎಂಬ ಚೀಟಿ ಇದೆ. ಕೈಗೇ ಕೊಡೋಣ ಎಂದು ಕಾಯುತ್ತ ನಿಂತರೆ ಇದು ಮತ್ತೆ ಏಪ್ರನ್ನಿನ ಜೇಬಿಗೆ ಹೋಗುತ್ತದೆ. ಅಕ್ಟೋಬರಿನಿಂದ ಅಲ್ಲೇ ಇತ್ತು. ಆದ ಕಾರಣ ಬಾಗಿಲಿನ ಅಂಚೆಕಂಡಿಯಲ್ಲಿ ಹಾಕುತ್ತಿದ್ದೇನೆ. ಓಸ್ಮೊಗೆ ಫೋನು ಮಾಡಿ ನಾಳೆ ನಾಲ್ಕಕ್ಕೆ ಸ್ಕೇಟ್ ತೆಗೆದುಕೊಂಡು ಬಾ ಎಂದಿದ್ದೇನೆ. ಯಾಕೆ ಎಂದು ಕೇಳಿದ. ಸುಮ್ನೆ ಬಾ ಎಂದೆ.

ಕೊನೆಯದಾಗಿ ಒಂದು ವಿನಂತಿ. ನಾಳೆ ಪಂದ್ಯ ಮುಗಿದ ಮೇಲೆ ಕೈ ಕುಲುಕುವಾಗ ಮಾನ್ಯ ಅಧ್ಯಕ್ಷರು ಅವನ ಬಲಗೈಯನ್ನು ಹಗುರವಾಗಿ ಹಿಡಿಯಬೇಕು, ಹೆಬ್ಬೆರಳು ಊದಿದೆ. ಇನ್ನು ಬರೆಯಲು ಆಗುವುದಿಲ್ಲ, ಲಕೋಟೆಯ ಅರ್ಧ ಈಗಾಗಲೇ ಬಾಗಿಲಿನ ಆಚೆ ಇದೆ.